ಕಪ್ಪಾದ ಹಸಿರು ಲಂಗ

ಬಿಸಿ ಬಲ್ಬಿನ ಮುಂದೆ ಜಿಲೆಟಿನ್ ಕಾಗದ ಕಾಯುವ ವಾಸನೆ ಇನ್ನೆಲ್ಲೂ ಸಿಗಲಾರದು ಅಂದುಕೊಂಡಿದ್ದೆ. ಮೊನ್ನೆ ಬ್ರಹ್ಮಾವರದ ಮದುವೆಯೊಂದರಲ್ಲಿ ಯಾರೋ ಹಳೆಯ ಫೋಕಸ್ ಲೈಟಿಗೆ ಕೆಂಪು ಕಾಗದ ಕಟ್ಟಿದ್ದರು. ತುಸು ಸಿಹಿ, ತುಸು ಸುಟ್ಟ ಆ ವಾಸನೆಗೆ, ಊಟಕ್ಕೆ ಹೊರಟವಳು ಅಲ್ಲೇ ನಿಂತುಬಿಟ್ಟೆ. ಕಡಲ ದಂಡೆಯ ಕೋಡಿ ಊರಿನಲ್ಲಿದ್ದ ನಮ್ಮ ಮನೆ ಈಗಿಲ್ಲ. ಆ ಜಾಗದಲ್ಲಿ ಮೀನಿನ ಲಾರಿಗಳು ನಿಲ್ಲುತ್ತವೆ. ಆದರೂ ಅದರ ಸುಣ್ಣದ ಗೋಡೆ, ಒಣಮೀನಿನ ಬುಟ್ಟಿಗಳು, ಉಪ್ಪುಗಾಳಿಗೆ ಊದಿಕೊಂಡ ಬಾಗಿಲು ಎಲ್ಲವೂ ಕಣ್ಣೆದುರು ಬಂದವು.

ಆ ಮನೆಯಲ್ಲಿ ನನ್ನ ದೊಡ್ಡಪ್ಪಯ್ಯ ಇದ್ದರು. ಸುತ್ತಲಿನ ನಾಟಕಗಳಿಗೆಲ್ಲ ಅವರದೇ ಲೈಟು. ಅವರ ಮಗಳು ವನಜಾ ನನ್ನ ಓರಗೆಯವಳು. ನನ್ನ ಅಪ್ಪಯ್ಯ ಮುಂಬೈ ಹೋಟೆಲಿನಲ್ಲಿದ್ದರು, ವರ್ಷಕ್ಕೊಮ್ಮೆ ಬಂದುಹೋಗುವ ನೆಂಟರ ಹಾಗೆ. ಮಳೆಗಾಲದ ಮಧ್ಯಾಹ್ನ ದೊಡ್ಡಪ್ಪಯ್ಯ ಬಾಗಿಲು ಕಿಟಕಿ ಮುಚ್ಚಿ, ಗೋಡೆಯ ಮೇಲೆ ಕೆಂಪು, ಹಸಿರು ಬೆಳಕು ಬಿಡುತ್ತಿದ್ದರು. ಎರಡೂ ಸೇರಿದಲ್ಲಿ ಹಳದಿ ಹುಟ್ಟುತ್ತಿತ್ತು. ನೀಲಿಯೂ ಬಂದು ಸೇರಿದರೆ ಗೋಡೆ ಬೆಳ್ಳಗಾಗುತ್ತಿತ್ತು. ವನಜಾ ನಡುವೆ ನಿಂತು ಕೈಬೀಸಿದರೆ ಬಣ್ಣಬಣ್ಣದ ನೆರಳುಗಳು ಕುಣಿಯುತ್ತಿದ್ದವು. ನಾನು ಹೊಸ್ತಿಲಲ್ಲಿ ಕೂತು ಅವಳ ನೆತ್ತಿಯ ಮೇಲಿದ್ದ ದೊಡ್ಡಪ್ಪಯ್ಯನ ಕೈಯನ್ನೇ ನೋಡುತ್ತಿದ್ದೆ. "ಇಲ್ ಬಾ ಹೆಣ್ಣೆ," ಅಂತ ಅವರು ಕರೆದರೂ ಹೊಟ್ಟೆಯೊಳಗಿನ ಉರಿ ನನ್ನನ್ನು ಏಳಗೊಡುತ್ತಿರಲಿಲ್ಲ.

ಒಂದು ವರ್ಷ ಶಾಲೆಯ ವಾರ್ಷಿಕೋತ್ಸವದಲ್ಲಿ ನಾವಿಬ್ಬರೂ ಕುಣಿದೆವು. ಲೈಟು ದೊಡ್ಡಪ್ಪಯ್ಯನದೇ. ಅಪ್ಪಯ್ಯ ಮುಂಬೈಯಿಂದ ಕಳಿಸಿದ ಮಿರಿಮಿರಿ ಹಸಿರು ಲಂಗ ಉಟ್ಟಿದ್ದೆ. ವನಜಾಳದು ಬರಿಯ ಬಿಳಿ ವಾಯಿಲ್ ಬಟ್ಟೆಯದು. ಇವತ್ತಾದರೂ ಎಲ್ಲರೂ ನನ್ನನ್ನೇ ನೋಡುತ್ತಾರೆ ಅಂತ ಹಿಗ್ಗಿದ್ದೆ. ಸೂರ್ಯ ಮುಳುಗುವ ಹಾಡಿಗೆ ರಂಗವೆಲ್ಲ ಕೆಂಪಾಯಿತು. ತಲೆ ಬಗ್ಗಿಸಿ ನೋಡಿದರೆ ನನ್ನ ಲಂಗ ಕರಿಮಸಿ. ವನಜಾ ಮಾತ್ರ ಕೆಂಡದ ಹಾಗೆ ಹೊಳೆಯುತ್ತಿದ್ದಳು.

ಮರುದಿನವೂ ನನ್ನ ಅಳು ನಿಲ್ಲಲಿಲ್ಲ. "ಎಂತಕ್ಕೆ ಮರ್ಕುದ್?" ಎಂದು ದೊಡ್ಡಪ್ಪಯ್ಯ ಕೇಳಿದರು.

"ನೀವ್ ಬೇಕಂತ್ಲೇ ಮಾಡ್ದದ್ದ್. ವನಜಾ ಚಂದ ಕಾಣ್ಲಿ ಅಂತ."

ಅವರು ಕೆಂಪು ಕಾಗದದ ಲೈಟು ಹಚ್ಚಿ ಲಂಗವನ್ನು ಅದರ ಮುಂದೆ ಹಿಡಿದರು. "ಕಾಣ್, ಕೆಂಪ್ ಕಾಗ್ದ ಹಸುರ್ ಬೆಳಕನ್ನ ಹೊರ್ಗೆ ಬಿಡುದಿಲ್ಲ. ಹಸುರ್ ಬೆಳಕೇ ಇಲ್ದಿರೆ ಲಂಗ ಎಂತ ತೋರ್ಸುದ್? ನಂಗೆ ನೆನ್ಪಾಯ್ಲಿಲ್ಲ ಮಗಾ." ಕಾಗದ ಬದಲಿಸಿ ಹಸಿರು ಹಾಕಿದರು. ಲಂಗ ಭತ್ತದ ಸಸಿಮಡಿಯಂತೆ ಬೆಳಗಿತು.

ಮೂಲೆಯಲ್ಲಿದ್ದ ವನಜಾ ತಟ್ಟನೆ ಅಂದಳು: "ನಂಗೆ ಯಾರೂ ಮುಂಬೈಯಿಂದ ಲಂಗ ಕಳ್ಸುದಿಲ್ಲ. ಇವ್ಳಿಗ್ ಎಲ್ಲ ಇತ್ತ್."

ನನ್ನದೇ ಉರಿ ಅವಳೊಳಗೂ ಇದ್ದದ್ದು ಆಗ ತಿಳಿಯಿತು. ತಿಳಿದ ಮಾತ್ರಕ್ಕೆ ನನ್ನದೇನೂ ಆರಲಿಲ್ಲ. ಉಪ್ಪುಂದಕ್ಕೆ ಮದುವೆಯಾಗಿ ಹೋಗುವ ದಿನ ಅವಳು ತಂದೆಯ ಕೊರಳಿಗೆ ಬಿದ್ದು ಅತ್ತಾಗಲೂ ನಾನು ನೋಡಲಾರದೆ ಹಿತ್ತಿಲಿಗೆ ಹೋಗಿದ್ದೆ.

ದೊಡ್ಡಪ್ಪಯ್ಯ ಹಾಸಿಗೆ ಹಿಡಿಯುವ ಹೊತ್ತಿಗೆ ಅವರ ಕಣ್ಣು ಮಂಜಾಗಿತ್ತು. ಒಂದು ಮಧ್ಯಾಹ್ನ ನಾನು ಗಂಜಿ ಕುಡಿಸುತ್ತಿದ್ದಾಗ ನನ್ನ ಕೈ ಹಿಡಿದು, "ವನಜಾ, ಬಂದ್ಯಾ ಮಗಾ?" ಎಂದರು. ನನ್ನ ಹೆಸರು ಹೇಳಬೇಕೆಂದು ಬಾಯಿ ತೆರೆದವಳು, "ಬಂದೆ ಅಪ್ಪಯ್ಯ," ಎಂದೆ.

ತಂದೆಯನ್ನು ನೋಡಲು ಉಪ್ಪುಂದದಿಂದ ಬಂದಿದ್ದ ವನಜಾ ಬಾಗಿಲಲ್ಲೇ ಇದ್ದಳು. ಎಲ್ಲ ಕೇಳಿಸಿಕೊಂಡಳು. ಒಳಗೆ ಬರದೆ ಸದ್ದಿಲ್ಲದೆ ಅಂಗಳಕ್ಕಿಳಿದು, ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ, ಬಹಳ ನಿಧಾನವಾಗಿ ತೆಗೆಯತೊಡಗಿದಳು.