ಬಾಯಲ್ಲಿ ಬೋರಿನ ನೀರು, ಮೈಮೇಲೆ ಕಾವೇರಿ

ಬೆಂಗಳೂರಿನಲ್ಲಿ ನನ್ನ ಮೊದಲ ಸ್ನಾನ ಮುಗಿಯಲೇ ಇಲ್ಲ. ಮೈಗೆ ಸಬಕಾರ ಹಚ್ಚಿಕೊಂಡೆ, ನೀರು ಸುರಿದುಕೊಂಡೆ, ಕೈಯಾಡಿಸಿದರೆ ಇನ್ನೂ ಜಾರುತ್ತಿತ್ತು. ಮತ್ತೆ ಸುರಿದುಕೊಂಡೆ, ಮತ್ತೂ ಜಾರಿತು. ನಮ್ಮೂರಿನಲ್ಲಿ ಎರಡು ತಂಬಿಗೆ ನೀರು ಬಿದ್ದರೆ ಮೈ ಕಿರ್ ಎನ್ನಬೇಕು, ಆಗಲೇ ಸ್ವಚ್ಛವಾಯಿತೆಂದು ಅರ್ಥ. ಇಲ್ಲಿ ಮೂರು ಬಕೆಟ್ಟು ಮುಗಿದರೂ ಮೈ ಎಣ್ಣೆ ಸವರಿದ ಹಾಗೆಯೇ ಇತ್ತು. ನಾಲ್ಕನೇ ಬಕೆಟ್ಟಿಗೆ ನಲ್ಲಿ ತಿರುಗಿಸಿದಾಗ ಯಾರೋ ಹೊರಗಿನಿಂದ ಬಾಗಿಲು ಬಡಿದರು.

"ಏನ್ರೀ ಟೀಚರ್, ಒಳಗೆ ಬಟ್ಟೆ ಒಗೀತಿದೀರಾ?"

"ಇಲ್ಲರೀ, ಜಳಕ ಮಾಡಾಕತ್ತೀನಿ. ಸಬಕಾರ ಹೋಗವಲ್ದು."

"ಸೋಪು ಆಗ್ಲೇ ಹೋಗಿರತ್ತಮ್ಮ. ಕಾವೇರಿ ನೀರು ಹಂಗೇ ಇರೋದು. ಬನ್ನಿ ಆಚೆ, ಟ್ಯಾಂಕ್ ಖಾಲಿ ಆಗ್ಬಿಡತ್ತೆ."

ಬಾಗಿಲು ಬಡಿದವರು ಮನೆಯ ಒಡತಿ ವಿಶಾಲಾಕ್ಷಮ್ಮ. ಬಸವನಗುಡಿಯ ಒಂದು ಅಡ್ಡರಸ್ತೆಯಲ್ಲಿ ಅವರ ಹಳೆಯ ಮನೆ, ಅದರ ಹಿಂದೆ ಒಂದು ಕೋಣೆ, ಒಂದು ಅಡುಗೆಮನೆ. ಅದರಲ್ಲಿ ನಾನು. ಅವರ ಮಗನಿಗೆ ಚಿಕ್ಕಪೇಟೆಯಲ್ಲಿ ತಾತನ ಕಾಲದ ಸೀರೆ ಅಂಗಡಿಯಿದೆ. ಮಗ ಅಂಗಡಿ ನೋಡಿಕೊಳ್ಳುತ್ತಾನೆ, ಸೊಸೆ ಮನೆ ನೋಡಿಕೊಳ್ಳುತ್ತಾಳೆ, ವಿಶಾಲಾಕ್ಷಮ್ಮ ನೀರು ನೋಡಿಕೊಳ್ಳುತ್ತಾರೆ. ಅಂಗಳದ ನೆಲದಡಿ ಒಂದು ದೊಡ್ಡ ತೊಟ್ಟಿಯಿದೆ, ಅದಕ್ಕೆ ಇಲ್ಲಿ ಸಂಪು ಎನ್ನುತ್ತಾರೆ. ದಿನ ಬಿಟ್ಟು ದಿನ ಅದಕ್ಕೆ ನೀರು ಇಳಿಯುತ್ತದೆ. ಇಳಿದಾಗ ವಿಶಾಲಾಕ್ಷಮ್ಮ ಹಣೆಯ ವಿಭೂತಿ ಒಣಗುವ ಮೊದಲೇ ಹೊರಗೆ ಬಂದು, "ಕಾವೇರಿ ಬಂದ್ಲು," ಎನ್ನುತ್ತಾರೆ, ತವರಿನಿಂದ ತಂಗಿ ಬಂದ ಹಾಗೆ.

ಅಂದು ತಲೆಗೆ ಟವೆಲು ಸುತ್ತಿಕೊಂಡು ಕೂತಾಗ ನನಗೆ ನಗು ಬಂತು, ಜೊತೆಗೆ ನಾಚಿಕೆಯೂ ಆಯಿತು. ನಾನು ಹದಿನಾರು ವರ್ಷ ವಿಜ್ಞಾನ ಕಲಿಸಿದವಳು. ಗಡಸು ನೀರಿನಲ್ಲಿ ಸಾಬೂನು ನೊರೆ ಕೊಡುವುದಿಲ್ಲ, ಮೆದು ನೀರಿನಲ್ಲಿ ಚೆನ್ನಾಗಿ ಕೊಡುತ್ತದೆ ಎಂದು ಎಷ್ಟು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೋ. ಮೆದು ನೀರು ನನ್ನ ಮೈ ಮುಟ್ಟಿದ್ದು ಅಂದೇ ಮೊದಲು.

ನಮ್ಮೂರು ಕುಷ್ಟಗಿಯ ಕಡೆ. ನಾನು ಕಲಿಸುತ್ತಿದ್ದ ಪ್ರೌಢಶಾಲೆ ಮಕ್ಕಳಿಲ್ಲದೆ ಮುಚ್ಚಿತು. ಮಕ್ಕಳು ಊರಲ್ಲೇ ಇದ್ದಾರೆ, ದಿನಾ ಬೆಳಿಗ್ಗೆ ಹಳದಿ ವ್ಯಾನು ಬಂದು ಅವರನ್ನು ಇಂಗ್ಲಿಷ್ ಶಾಲೆಗೆ ಹೊತ್ತುಕೊಂಡು ಹೋಗುತ್ತದೆ. ಬಸವನಗುಡಿಯಲ್ಲಿ ಕನ್ನಡ ಮಾಧ್ಯಮವನ್ನು ಇನ್ನೂ ಬಿಡದ ಹಳೆಯ ಶಾಲೆಯೊಂದು ವಿಜ್ಞಾನ ಶಿಕ್ಷಕಿಯನ್ನು ಹುಡುಕುತ್ತಿದೆ ಎಂದು ತಿಳಿದು ಅರ್ಜಿ ಹಾಕಿದೆ. ದಸರೆಯವರೆಗೆ ತಾತ್ಕಾಲಿಕವಾಗಿ ತೆಗೆದುಕೊಳ್ಳುತ್ತೇವೆ, ಪಾಠ ಹಿಡಿಸಿದರೆ ಕಾಯಂ ಎಂದರು. ಯಜಮಾನರು ಶರಣಪ್ಪನವರಿಗೆ ಊರಲ್ಲಿ ಔಷಧದ ಅಂಗಡಿ. ಮಗಳು ಅಕ್ಷತಾ ಆಗ ಐದನೇ ತರಗತಿ. ಕಾಯಂ ಆದರೆ ಮುಂದಿನ ಬೇಸಿಗೆಗೆ ಇಬ್ಬರೂ ಇಲ್ಲಿಗೆ ಬರುವುದು, ಇಲ್ಲವಾದರೆ ಬಂದ ದಾರಿಗೆ ಸುಂಕವಿಲ್ಲವೆಂದು ನಾನೇ ಹಿಂದಿರುಗುವುದು ಎಂದು ಮಾತಾಗಿತ್ತು. ಬಸ್ಸು ಹತ್ತಿಸುವಾಗ ಅಕ್ಷತಾ ಅಳಲಿಲ್ಲ. ನಾನು ಹಿರಿಯೂರು ದಾಟುವವರೆಗೂ ಅತ್ತೆ.

ಇಲ್ಲಿ ಎಲ್ಲವೂ ನೀರಿನಿಂದಲೇ ಬೇರೆ. ಊರಲ್ಲಿ ತೊಗರಿಬೇಳೆ ಬೇಯಲು ಚಿಟಿಕೆ ಸೋಡಾ ಹಾಕಬೇಕು, ಆದರೂ ಅದು ಮೊಂಡು ಮಾಡುತ್ತದೆ. ಇಲ್ಲಿ ಅದೇ ಬೇಳೆ, ಅದೇ ಕುಕ್ಕರು, ತೆರೆದು ನೋಡಿದರೆ ಬೇಳೆಯೇ ಇಲ್ಲ, ಗಂಜಿ. ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಗಟ್ಟಿ ಮಾಡುತ್ತದೆಂದು ಓದಿದ್ದೆ, ಕ್ಯಾಲ್ಸಿಯಂ ಇಲ್ಲದಿದ್ದರೆ ನನ್ನ ಸಾರು ಹೀಗೆ ಕೈಕೊಡುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕುಡಿಯುವ ನೀರು ಸಪ್ಪೆ. ಮೊದಲ ತಿಂಗಳು ಎಷ್ಟು ಕುಡಿದರೂ ದಾಹ ತೀರಿದ ಹಾಗೆ ಅನಿಸಲಿಲ್ಲ. ತಲೆಗೂದಲು ಮಾತ್ರ ರೇಷ್ಮೆಯಂತಾಯಿತು. ಆದರೆ ಅದನ್ನು ನೋಡಿ ಏನಾದರೂ ಹೇಳುವ ಮನುಷ್ಯ ನಾನೂರು ಕಿಲೋಮೀಟರು ದೂರದಲ್ಲಿದ್ದರು.

ಇನ್ನು ನನ್ನ ತಪ್ಪಿನ ಕಥೆ. ಜುಲೈನಲ್ಲಿ ಹತ್ತನೇ ತರಗತಿಗೆ ಸಾಬೂನಿನ ಪಾಠ ಬಂತು. ಮುಖ್ಯೋಪಾಧ್ಯಾಯಿನಿ ನನ್ನ ಪಾಠ ನೋಡಲು ಹಿಂದಿನ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಕೂತರು. ಊರಲ್ಲಿ ಈ ಪ್ರಯೋಗವನ್ನು ನಾನು ಕಣ್ಣು ಮುಚ್ಚಿಕೊಂಡು ಮಾಡುತ್ತಿದ್ದೆ. ಒಂದು ಪ್ರನಾಳಕ್ಕೆ ಔಷಧದ ಅಂಗಡಿಯಿಂದ ತಂದ ಭಟ್ಟಿ ಇಳಿಸಿದ ನೀರು, ಅದು ಮೆದು. ಇನ್ನೊಂದಕ್ಕೆ ನಲ್ಲಿಯ ನೀರು, ಅದು ಗಡಸು. ಎರಡಕ್ಕೂ ಸಾಬೂನಿನ ದ್ರಾವಣದ ಐದು ಹನಿ. ಕುಲುಕಿದರೆ ಮೊದಲನೆಯದರಲ್ಲಿ ನೊರೆ, ಎರಡನೆಯದರಲ್ಲಿ ಒಡೆದ ಹಾಲಿನಂಥ ಬಿಳಿ ಜಿಡ್ಡು. ಹದಿನಾರು ವರ್ಷ ಒಮ್ಮೆಯೂ ತಪ್ಪಿರಲಿಲ್ಲ.

"ಈಗ ನೋಡ್ರಿ, ಈ ಗಡಸು ನೀರಿನ್ಯಾಗ ನೊರಿ ಬರೂದಿಲ್ಲ," ಎಂದು ನಲ್ಲಿ ನೀರು ತುಂಬಿದ ಪ್ರನಾಳವನ್ನು ಎತ್ತಿ ಹಿಡಿದು ಕುಲುಕಿದೆ. ನೊರೆ ಉಕ್ಕಿ ನನ್ನ ಹೆಬ್ಬೆರಳನ್ನು ದಾಟಿ ಮುಂಗೈಗೆ ಇಳಿಯಿತು.

ಮನೆಯಲ್ಲಿ ದಿನಾ ಆ ನೀರಿನೊಂದಿಗೆ ಜಗಳವಾಡುತ್ತಿದ್ದವಳು ತರಗತಿಯೊಳಗೆ ಕಾಲಿಟ್ಟೊಡನೆ ಊರಿನವಳಾಗಿಬಿಟ್ಟಿದ್ದೆ. ನಲ್ಲಿ ಎಂದರೆ ಗಡಸು ಎಂದು ನನ್ನ ಕೈಯೇ ತೀರ್ಮಾನ ಮಾಡಿತ್ತು. ಮಕ್ಕಳು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ನಗೆ. ಮುಖ್ಯೋಪಾಧ್ಯಾಯಿನಿ ಏನೋ ಬರೆದುಕೊಂಡರು, ನನಗೆ ಆ ಪೆನ್ನಿನ ತುದಿ ಮಾತ್ರ ಕಾಣುತ್ತಿತ್ತು.

ಸಂಜೆ ಅವರು ಕೋಣೆಗೆ ಕರೆಸಿದರು. ಪ್ರಯೋಗದ ಮಾತು ಇರಬಹುದೆಂದು ಕ್ಷಮೆ ಕೇಳಲು ಸಿದ್ಧಳಾಗಿ ಹೋದೆ.

"ಕೂತ್ಕೊಳ್ಳಿ ನೀಲಮ್ಮ. ಪ್ರಯೋಗ ಬಿಡಿ, ಎಲ್ಲರಿಗೂ ಆಗತ್ತೆ. ಇನ್ನೊಂದು ವಿಷಯ, ತಪ್ಪು ತಿಳ್ಕೋಬೇಡಿ." ಅವರು ಮೇಜಿನ ಮೇಲಿನ ಕಾಗದ ಸರಿಮಾಡಿದರು. "ಒಬ್ರು ತಾಯಿ ಬಂದಿದ್ರು. ನೀವು ತಂಬಾಕು ಗಿಂಬಾಕು ಏನಾದ್ರೂ ಹಾಕ್ತೀರಾ ಅಂತ ಕೇಳಿದ್ರು. ಹಲ್ಲು ನೋಡಿ ಮಕ್ಕಳು ಮನೇಲಿ ಹೇಳಿದಾರೆ."

"ಇಲ್ಲರೀ ಮೇಡಂ," ಎಂದೆ. ಎದ್ದು ಹೊರಗೆ ಬಂದೆ.

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಬೋರಿನ ನೀರು ಕುಡಿದು ಬೆಳೆದ ಎಷ್ಟೋ ಜನರ ಹಲ್ಲಿನ ಮೇಲೆ ಕಂದು ಕಲೆಯಿದೆ. ನನ್ನ ಅವ್ವನಿಗಿತ್ತು, ಅಣ್ಣನಿಗಿದೆ, ಶರಣಪ್ಪನವರಿಗೂ ಇದೆ. ಎಲ್ಲರಿಗೂ ಇರುವ ಊರಿನಲ್ಲಿ ಅದು ಕಲೆಯೇ ಅಲ್ಲ, ಹಲ್ಲಿನ ಬಣ್ಣವೇ ಅದು. ಬೆಂಗಳೂರಿಗೆ ಬಂದ ಮೇಲೆ ಅದು ಕಲೆಯಾಯಿತು. ಅಂದಿನಿಂದ ಸೆರಗು ಬಾಯಿಗೆ ಬಂತು. ಪಾಠ ಮಾಡುವಾಗ ಬೋರ್ಡಿನ ಕಡೆ ಮುಖ ಮಾಡಿ ಮಾತಾಡತೊಡಗಿದೆ. ಮಕ್ಕಳು ಪ್ರಶ್ನೆ ಕೇಳುವುದು ಕಡಿಮೆಯಾಯಿತು. ಬೆನ್ನಿಗೆ ಯಾರು ಪ್ರಶ್ನೆ ಕೇಳುತ್ತಾರೆ? ಹೀಗೇ ನಡೆದರೆ ದಸರೆಗೆ ಅವರು ಏನು ಹೇಳುತ್ತಾರೆಂಬುದು ನನಗೆ ಗೊತ್ತಿತ್ತು.

ವಿಶಾಲಾಕ್ಷಮ್ಮ ಒಂದು ಸಂಜೆ ಸಂಪಿನ ಮುಚ್ಚಳದ ಪಕ್ಕ ನಿಂತು ಕೇಳಿಯೇಬಿಟ್ಟರು. "ಯಾಕಮ್ಮ, ನನ್ಹತ್ರ ಮಾತಾಡೋವಾಗ್ಲೂ ಬಾಯಿ ಮುಚ್ಕೋತೀಯ?"

ಹೇಳಿದೆ. ಹೇಳುತ್ತ ಅತ್ತುಬಿಟ್ಟೆ. ಅವರು ಎಲ್ಲ ಕೇಳಿಸಿಕೊಂಡು, "ನೀರಿಂದ ಹಲ್ಲು ಹಿಂಗಾಗತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ. ಎಪ್ಪತ್ತು ವರ್ಷ ಆಯ್ತು ನಂಗೆ. ಮೇಷ್ಟ್ರು ನೀನು, ನೀನೇ ಹೇಳ್ದೆ ಇದ್ರೆ ಆ ಮಕ್ಕಳಿಗೆ ಯಾರು ಹೇಳ್ತಾರೆ?" ಎಂದರು. ಅಷ್ಟು ಹೊತ್ತು ನನ್ನನ್ನು 'ನೀನು' ಎಂದು ಕರೆದಿದ್ದು ಆಮೇಲೆ ಹೊಳೆಯಿತು. ಆವತ್ತಿನವರೆಗೂ ನಾನು ಅವರಿಗೆ 'ನೀವು' ಆಗಿದ್ದೆ.

ಮರುದಿನ ಬೆಳಿಗ್ಗೆ ಯಜಮಾನರಿಗೆ ಫೋನು ಮಾಡಿದೆ. "ಎರಡು ಬಾಟ್ಲಿ ನಮ್ಮ ಬೋರಿನ ನೀರು ಬಸ್ಸಿಗೆ ಹಾಕಿ ಕಳಸ್ರಿ."

"ಯಾಕ, ಬೆಂಗಳೂರಾಗ ನೀರು ಬತ್ಯಾವೇನು? ಮಂದಿ ರೊಟ್ಟಿ ತರಿಸ್ತಾರ, ಶೇಂಗಾ ಚಟ್ನಿ ತರಿಸ್ತಾರ. ನೀರ್ ಕೊಟ್ರ ಕಂಡಕ್ಟರ್ ನಗ್ತಾನ."

"ನಗಲಿ ಬಿಡ್ರಿ. ನನಗ ಪಾಠಕ್ಕ ಬೇಕು."

ಎರಡು ದಿನದ ಮೇಲೆ ಬೆಳಿಗ್ಗೆ ಮೆಜೆಸ್ಟಿಕ್ಕಿಗೆ ಹೋಗಿ ಕಂಡಕ್ಟರ್ ಕೈಯಿಂದ ಚೀಲ ಇಸಿದುಕೊಂಡೆ. ಎರಡು ಬಾಟಲಿಗಳ ನಡುವೆ ಒಡೆಯದಿರಲೆಂದು ಅಕ್ಷತಾಳ ಹಳೆಯ ಸ್ವೆಟರು ಸುತ್ತಿದ್ದರು. ಬಾಟಲಿಗಳು ಪ್ಲಾಸ್ಟಿಕ್ಕಿನವು. ಸ್ವೆಟರು ಯಾಕೆ ಕಳಿಸಿದ್ದರೆಂದು ನನಗೆ ಅರ್ಥವಾಯಿತು, ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದೆ.

ಆ ಪಾಠ ಮತ್ತೊಮ್ಮೆ ಮಾಡಲು ಅವಕಾಶ ಕೊಡಿ ಎಂದು ಕೇಳಿದಾಗ ಮುಖ್ಯೋಪಾಧ್ಯಾಯಿನಿ ಒಪ್ಪಿದರು. ಮತ್ತೆ ಹಿಂದಿನ ಬೆಂಚಿನಲ್ಲಿ ಬಂದು ಕೂತರು. ಈ ಸಲ ಮೂರು ಪ್ರನಾಳ ಇಟ್ಟೆ. ಭಟ್ಟಿ ಇಳಿಸಿದ ನೀರು, ಬಸವನಗುಡಿಯ ನಲ್ಲಿಯ ನೀರು, ನಮ್ಮೂರಿನ ನೀರು. ಕುಲುಕುವ ಕೆಲಸ ಮಕ್ಕಳಿಗೇ ಬಿಟ್ಟೆ. ಮೊದಲೆರಡರಲ್ಲಿ ನೊರೆ ಬಂತು. ಮೂರನೆಯದು ನನ್ನ ಮಾನ ಉಳಿಸಿತು, ಬಿಳಿ ಜಿಡ್ಡು ಚೂರುಚೂರಾಗಿ ತೇಲಿತು.

"ಈ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣ ಜಾಸ್ತಿ. ಸಾಬೂನು ನೊರೆಯಾಗುವ ಮೊದಲೇ ಅವು ಅದನ್ನು ಹಿಡಿದುಕೊಳ್ಳುತ್ತವೆ," ಎಂದು ಹೇಳುತ್ತಿದ್ದಂತೆ ಭವ್ಯಾ ಎಂಬ ಹುಡುಗಿ ಎದ್ದು ನಿಂತಳು. ಅವಳ ತಾಯಿ ಗಾಂಧಿ ಬಜಾರಿನಲ್ಲಿ ಹೂವು ಕಟ್ಟಿ ಮಾರುತ್ತಾರೆ.

"ಮಿಸ್, ನೀವು ಚಿಕ್ಕೋರಿದ್ದಾಗ ಇದನ್ನೇ ಕುಡೀತಿದ್ರಾ?"

"ಇದನ್ನೇ ಕುಡಿದೆ. ನೋಡ್ರಿ," ಎಂದು ಸೆರಗು ಕೆಳಗೆ ಬಿಟ್ಟು ಹಲ್ಲು ಕಾಣುವ ಹಾಗೆ ಬಾಯಿ ತೆರೆದೆ.

ಬೋರ್ಡಿನ ಮೇಲೆ ಹಲ್ಲಿನ ಚಿತ್ರ ಬರೆದೆ. ಮೇಲೆ ಎನಾಮಲ್, ಅದರೊಳಗೆ ದಂತದ್ರವ್ಯ, ಒಳಗೆ ನರ ಮತ್ತು ರಕ್ತನಾಳ. ಈ ಕಲೆ ಕ್ಯಾಲ್ಸಿಯಂನಿಂದ ಬಂದದ್ದಲ್ಲ, ಅದೇ ನೀರಿನಲ್ಲಿ ಫ್ಲೋರೈಡ್ ಎಂಬ ಇನ್ನೊಂದು ಲವಣವಿದೆ. ಸ್ವಲ್ಪವಿದ್ದರೆ ಹಲ್ಲಿಗೆ ಒಳ್ಳೆಯದು, ಅತಿಯಾದರೆ ಕೆಡುಕು. ಮಗುವಿನ ಹಲ್ಲು ಒಸಡಿನೊಳಗೆ ಇನ್ನೂ ರೂಪುಗೊಳ್ಳುತ್ತಿರುವಾಗಲೇ ಅದು ಎನಾಮಲ್ ಅನ್ನು ಕೆಡಿಸುತ್ತದೆ. ಹಲ್ಲು ಹೊರಬರುವ ಹೊತ್ತಿಗೆ ಕಲೆ ಅದರಲ್ಲೇ ಇರುತ್ತದೆ, ಬ್ರಷ್ಷು ತಿಕ್ಕಿದರೆ ಹೋಗುವುದಲ್ಲ. ಇದನ್ನೆಲ್ಲ ಹೇಳಿ, ಹತ್ತಿರ ಬಂದು ನೋಡಬೇಕೆನ್ನುವವರು ಬರಬಹುದು ಎಂದೆ. ಇಡೀ ತರಗತಿ ಸಾಲು ನಿಂತಿತು. ಒಬ್ಬೊಬ್ಬರೇ ಬಂದು, ನನ್ನ ಬಾಯಿ ಒಂದು ಮಾದರಿಯೆಂಬಂತೆ ಗಂಭೀರವಾಗಿ ಇಣುಕಿದರು.

"ನೋವಾಗತ್ತಾ ಮಿಸ್?" ಎಂದಳು ಭವ್ಯಾ.

"ಹಲ್ಲು ನೋಯುವುದಿಲ್ಲ," ಎಂದೆ.

ಅವಳಿಗೆ ಅರ್ಥವಾಯಿತು. ತಲೆ ತಗ್ಗಿಸಿ, "ನಮ್ಮಪ್ಪಂಗೆ ತಂಬಾಕು ಹಾಕಿ ಹಾಕಿ ಬಾಯಲ್ಲಿ ಹುಣ್ಣಾಗಿತ್ತು ಮಿಸ್. ಅದಕ್ಕೇ ಅಮ್ಮ ಹೆದರ್ಕೊಂಡು ಕೇಳಿದ್ದು. ನಾನು ಮನೇಲಿ ಹೇಳ್ತೀನಿ," ಎಂದಳು. ಇಷ್ಟು ದಿನ ನಾನು ಸಿಟ್ಟಿನಿಂದ ಮನಸ್ಸಿನಲ್ಲೇ ಜಗಳವಾಡುತ್ತಿದ್ದ ಹೆಂಗಸು ಆ ತಾಯಿ. ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ.

ಸಾಲಿನ ಕೊನೆಯಲ್ಲಿ ಮುಖ್ಯೋಪಾಧ್ಯಾಯಿನಿ ನಿಂತಿದ್ದರು. ಕನ್ನಡಕ ಮೂಗಿನ ಮೇಲೆ ಏರಿಸಿಕೊಂಡು, "ನಾನೂ ನೋಡ್ಬಹುದಾ?" ಎಂದು ಕೇಳಿದರು. ನೋಡಿದರು. "ನಾನೇ ಅವತ್ತು ಕೇಳಬಾರದಾಗಿತ್ತು ನೀಲಮ್ಮ," ಎಂದು ಮೆಲ್ಲಗೆ ಹೇಳಿ ಹೋದರು. ಅದರ ಮಾರನೆಯ ದಿನ ಗಾಂಧಿ ಬಜಾರಿನಲ್ಲಿ ತರಕಾರಿ ಕೊಳ್ಳುವಾಗ ಭವ್ಯಾಳ ತಾಯಿ ಕೂಗಿ ಕರೆದು, ಎರಡು ಮೊಳ ಮಲ್ಲಿಗೆ ಕೈಗಿಟ್ಟರು.

ದಸರೆಗೆ ಕಾಯಂ ಪತ್ರ ಹಿಡಿದು ಊರಿಗೆ ಹೋದೆ. ಬಾಗಿಲಲ್ಲೇ ನಮ್ಮತ್ತೆ ಒಂದು ತಂಬಿಗೆ ನೀರು ಕೊಟ್ಟರು, ಕುಡಿದೆ, ಮುಖ ಕಿವುಚಿಕೊಂಡಿತು. ಉಪ್ಪುಪ್ಪು. ನಲವತ್ತು ವರ್ಷ ಕುಡಿದ ನೀರನ್ನು ನಾಲಿಗೆ ನಾಲ್ಕು ತಿಂಗಳಲ್ಲಿ ಮರೆತಿತ್ತು. ಅತ್ತೆ ಅದನ್ನು ನೋಡಿ, "ಆತು ಬಿಡವ್ವ, ನೀ ಬೆಂಗಳೂರಾಕಿ ಆದಿ," ಎಂದರು. ಚೇಷ್ಟೆಗೇ ಅಂದದ್ದು, ಆದರೆ ನನಗೆ ಚುಚ್ಚಿತು. ಕೆಂಪು ರಕ್ತಕಣದ ಆಯಸ್ಸು ಸುಮಾರು ನಾಲ್ಕು ತಿಂಗಳು ಎಂದು ನಾನೇ ಪಾಠ ಮಾಡುತ್ತೇನೆ. ಜೂನ್‌ನಲ್ಲಿ ಹೊರಟಾಗ ಮೈಯಲ್ಲಿದ್ದ ರಕ್ತಕಣಗಳು ಆ ಹೊತ್ತಿಗೆ ಮುಗಿದು, ಕಾವೇರಿ ಕುಡಿದು ಹುಟ್ಟಿದವು ಓಡಾಡುತ್ತಿದ್ದವು. ಹಲ್ಲು ಮಾತ್ರ ಹಾಗಲ್ಲ. ಎನಾಮಲ್ ಒಮ್ಮೆ ಆದದ್ದು ಆಯಿತು, ದೇಹ ಅದನ್ನು ಮತ್ತೆ ಕಟ್ಟುವುದಿಲ್ಲ. ಸಾಯುವವರೆಗೂ ನನ್ನ ಬಾಯಲ್ಲಿ ಕುಷ್ಟಗಿಯ ಕಡೆಯ ನೀರೇ ಇರುತ್ತದೆ. ಅಕ್ಷತಾ ಹುಟ್ಟುವ ಹೊತ್ತಿಗೆ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು; ನಾವು ಬೋರಿನದನ್ನೇ ಕುಡಿದರೂ ಅವಳಿಗೆ ಅಲ್ಲಿಯದನ್ನೇ ತಂದು ಕುಡಿಸಿದೆವು, ಅವಳ ಹಲ್ಲು ಬೆಳ್ಳಗಿವೆ. ಅದಕ್ಕಾಗಿ ನಾನು ದೇವರಿಗೆ ಕೈ ಮುಗಿದಿದ್ದೇನೆ. ಆದರೂ ಅವಳು ನಕ್ಕಾಗ ಯಾವ ಊರಿನವಳೆಂದು ಯಾರೂ ಹೇಳಲಾರರಲ್ಲ ಎಂದು ಒಮ್ಮೊಮ್ಮೆ ಪಿಚ್ಚೆನಿಸುತ್ತದೆ.

ಈ ಬೇಸಿಗೆಯಲ್ಲಿ ಅಪ್ಪ ಮಗಳು ಬಂದರು. ಬಂದ ದಿನ ಅಕ್ಷತಾ ಸ್ನಾನಕ್ಕೆ ಹೋದಳು. ಒಂದು ಬಕೆಟ್ಟು ಮುಗಿಯಿತು, ಎರಡು ಮುಗಿಯಿತು. ಒಳಗಿನಿಂದ ಅಳುದನಿ ಬಂತು.

"ಅವ್ವಾ, ಸಬಕಾರ ಹೋಗವಲ್ದ."

ಅಂಗಳದಾಚೆಯಿಂದ ವಿಶಾಲಾಕ್ಷಮ್ಮ ಸೆರಗು ಸಿಕ್ಕಿಸಿಕೊಂಡು ಬಚ್ಚಲ ಬಾಗಿಲ ಕಡೆ ಬಂದರು, ಬಡಿಯಲು ಕೈಯೆತ್ತಿದರು. ನಾನು ಆ ಕೈ ಹಿಡಿದುಕೊಂಡೆ.

"ಇವತ್ತೊಂದಿನ ಬಿಡ್ರಿ ಅಮ್ಮ," ಎಂದೆ. "ಆಕಿ ಮೈಮ್ಯಾಲೆ ಇನ್ನೂ ನಮ್ಮೂರು ಐತಿ."