ಇಳಿಯುವಾಗಲೂ ಅಷ್ಟೇ ತೂಕ

ಬಸವಂತಪ್ಪನಿಗೆ ಹೊಟ್ಟೆಕಿಚ್ಚಿತ್ತು. ತೀರಿಕೊಂಡವರ ಬಗ್ಗೆ ಬರೆಯುವಾಗ ಇಂಥದ್ದನ್ನು ಬಿಟ್ಟುಬಿಡುವುದು ರೂಢಿ. ಆದರೆ ಅದನ್ನು ಬಿಟ್ಟು ಬರೆದರೆ ಉಳಿಯುವವನು ಬಸವಂತಪ್ಪನಲ್ಲ, ಬೇರೆ ಯಾರೋ ಸಭ್ಯ ಮನುಷ್ಯ.

ಇಳಕಲ್ಲಿನ ನೇಕಾರರ ಮನೆಯವನು. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದಿ, 2008ರಲ್ಲಿ ಉತ್ತರ ಕೆರೊಲಿನಾದ ಡರ್ಹಮ್‌ಗೆ ಬಂದ. ಅಲ್ಲಿನ ಒಂದು ಪ್ರಯೋಗಾಲಯದಲ್ಲಿ ಬ್ಯಾಟರಿ ಸೆಲ್‌ಗಳನ್ನು ಸಾಯಿಸುವುದು ಅವನ ಉದ್ಯೋಗ. ಚಾರ್ಜ್ ಮಾಡುವುದು, ಖಾಲಿ ಮಾಡುವುದು, ಮತ್ತೆ ಚಾರ್ಜ್ ಮಾಡುವುದು. ಸಾವಿರ ಸಲ, ಎರಡು ಸಾವಿರ ಸಲ. ಯಾವ ಸೆಲ್ ಯಾವಾಗ ಸೋತಿತು, ಎಷ್ಟು ಬಿಸಿಯಾಗಿ ಸೋತಿತು ಎಂದು ಬರೆದಿಡುವುದು. ಹತ್ತು ವರ್ಷ ಇದನ್ನೇ ಮಾಡಿದ. ಅವನು ಬರೆದಿಟ್ಟದ್ದನ್ನು ನೆಚ್ಚಿ ಬೇರೆಯವರು ಕಾರು ಮಾಡಿದರು, ಲೇಖನ ಬರೆದರು, ವೇದಿಕೆ ಹತ್ತಿದರು.

ಅವನ ಹೊಟ್ಟೆಕಿಚ್ಚಿಗೆ ಒಂದು ಹೆಸರಿತ್ತು: ವೇಣುಗೋಪಾಲ. ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದ ಮೈಸೂರಿನವನು. ಲ್ಯಾಬ್ ರೆಕಾರ್ಡು ಬಸವಂತಪ್ಪನದು, ಅದನ್ನು ನೋಡಿ ಬರೆದುಕೊಂಡು ಮೇಷ್ಟರನ್ನು ನಗಿಸಿ ಹೆಚ್ಚು ಅಂಕ ಪಡೆಯುತ್ತಿದ್ದವನು ವೇಣುಗೋಪಾಲ. ವರ್ಜೀನಿಯಾದ ರೆಸ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ಅವನು 2016ರಲ್ಲಿ ಅದನ್ನು ಬಿಟ್ಟು, ಬ್ಯಾಟರಿಯಿಂದ ಹಾರುವ ಒಂಬತ್ತು ಸೀಟಿನ ವಿಮಾನ ಮಾಡಲು ಹೊರಟ ಸಣ್ಣ ಕಂಪನಿಯೊಂದನ್ನು ಸೇರಿದ.

ಸೇರುವ ಮುಂಚೆ ಡರ್ಹಮ್‌ಗೆ ಬಂದು ಬಸವಂತಪ್ಪನ ಅಡುಗೆಮನೆಯಲ್ಲಿ ಎರಡು ದಿನ ಕೂತು ಪಾಠ ಹೇಳಿಸಿಕೊಂಡಿದ್ದ. ಒಂದು ಕಿಲೋ ವಿಮಾನದ ಎಣ್ಣೆಯಲ್ಲಿರುವ ಶಕ್ತಿಗೆ ನಲವತ್ತೆಂಟು ಕಿಲೋ ಬ್ಯಾಟರಿ ಬೇಕು. ಮೋಟಾರು ಇಂಜಿನ್ನಿನಷ್ಟು ಪೋಲು ಮಾಡುವುದಿಲ್ಲವೆಂದು ರಿಯಾಯಿತಿ ಕೊಟ್ಟರೂ ಇಪ್ಪತ್ತು ಕಿಲೋ ಬೇಕೇ ಬೇಕು. ಹಾಗಾಗಿ ಸಾಗರ ದಾಟುವ ಮಾತು ಬೇಡ. ಹತ್ತಿರದ ಊರುಗಳ ನಡುವೆ, ಪಾಳುಬಿದ್ದಂತಿರುವ ಸಣ್ಣ ನಿಲ್ದಾಣಗಳಿಂದ, ಒಂದು ಗಂಟೆಯೊಳಗಿನ ಹಾರಾಟವಾದರೆ ಆದೀತು.

ಇದೇ ಮಾತುಗಳನ್ನು ಬಸವಂತಪ್ಪ ಮತ್ತೆ ಕೇಳಿದ್ದು 2017ರ ಏಪ್ರಿಲ್‌ನ ಒಂದು ಶನಿವಾರ, ಎಲಿಕಾಟ್ ಸಿಟಿಯ ಶಾಲೆಯೊಂದರಲ್ಲಿ ನಡೆದ ಯುಗಾದಿ ಕಾರ್ಯಕ್ರಮದಲ್ಲಿ. ವೇದಿಕೆಯ ಮೇಲೆ ರೇಷ್ಮೆ ಜುಬ್ಬಾದ ವೇಣುಗೋಪಾಲ.

"ಡರ್ಹಮ್‌ನಿಂದ ಶಾರ್ಲೆಟ್‌ಗೆ ಮುಕ್ಕಾಲು ಗಂಟೆ. ಸದ್ದಿಲ್ಲ, ಹೊಗೆಯಿಲ್ಲ. ತಲುಪಿದ ಮೇಲೂ ಇನ್ನೂ ಅರ್ಧ ಗಂಟೆ ಹಾರೋಷ್ಟು ಚಾರ್ಜ್ ಉಳಿದಿರುತ್ತೆ. ಉಳಿದಿರಲೇಬೇಕು, ರೂಲ್ ಅದು."

"ಮಧ್ಯದಲ್ಲೇ ಚಾರ್ಜ್ ಮುಗಿದುಹೋದ್ರೇನಪ್ಪಾ?" ಮುಂದಿನ ಸಾಲಿನಿಂದ ಅಲಮೇಲು ಆಂಟಿ ಕೇಳಿದರು.

"ಆಂಟಿ, ನೀವು ಫೋನು ಒನ್ ಪರ್ಸೆಂಟ್‌ಗೆ ಬಂದ್ಮೇಲೆ ಮಗಳಿಗೆ ಕಾಲ್ ಮಾಡ್ತೀರಲ್ಲ, ಹಂಗೆ ಪೈಲಟ್‌ಗೆ ಮಾಡಕ್ಕೆ ಬಿಡಲ್ಲ!"

ಸಭಾಂಗಣ ನಕ್ಕಿತು. ಬಸವಂತಪ್ಪ ನಗಲಿಲ್ಲ. ತನ್ನ ನಲವತ್ತೆಂಟು ಕಿಲೋ ಬೇರೆಯವನ ಬಾಯಲ್ಲಿ ಚಪ್ಪಾಳೆ ಗಿಟ್ಟಿಸುವುದನ್ನು ನೋಡುತ್ತ ಕೂತಿದ್ದ.

ಮನೆಗೆ ಐದು ಗಂಟೆಯ ದಾರಿ. ಪಕ್ಕದಲ್ಲಿದ್ದ ಹೆಂಡತಿ ರೇಣುಕಾ ರಿಚ್‌ಮಂಡ್ ದಾಟಿದ ಮೇಲೆ ಬಾಯಿ ತೆರೆದಳು.

"ಚಲೋ ಮಾತಾಡಿದ್ರಲ್ಲರೀ ವೇಣು ಅಣ್ಣಾರು."

"ಹೂಂ."

"ನಿಮ್ಮ ಹೆಸರು ಹೇಳಲಿಲ್ಲ."

"ನನ್ನ ಹೆಸರು ಯಾಕ ಹೇಳ್ಬೇಕು?"

"ಹಂಗಾದ್ರ ಸ್ಟೀರಿಂಗ್ ಯಾಕ ಹಿಂಡಾಕತ್ತೀರಿ?"

ಮರುದಿನ ಭಾನುವಾರ ವೇಣುಗೋಪಾಲನ ಇಮೇಲ್ ಬಂತು. ವಿಮಾನದ ಲೆಕ್ಕಾಚಾರದ ಶೀಟು. ಗುರುವಾರ ಅದು ಬಂಡವಾಳ ಹಾಕುವವರ ಕೈ ಸೇರಬೇಕು. ಸೆಲ್‌ಗಳ ಅಂಕಿಗಳನ್ನಷ್ಟೇ ಒಂದು ಸಲ ನೋಡಿಬಿಡು ಎಂದು ಬರೆದಿದ್ದ. ಬಸವಂತಪ್ಪ ಇಡೀ ಶೀಟು ನೋಡಿದ. ತಪ್ಪು ಹುಡುಕಬೇಕೆಂದೇ ನೋಡಿದ. ಸಿಕ್ಕಿತು.

ಆ ಶೀಟು ಮಾಡಿದವರು ಎಣ್ಣೆಯ ವಿಮಾನಗಳಲ್ಲಿ ಪಳಗಿದವರು. ತಮ್ಮ ಹಳೆಯ ಶೀಟನ್ನೇ ತೆಗೆದು, ಎಣ್ಣೆ ಎಂದಿದ್ದಲ್ಲೆಲ್ಲ ಬ್ಯಾಟರಿ ಎಂದು ತಿದ್ದಿದ್ದರು. ಎಣ್ಣೆ ಉರಿದಂತೆ ವಿಮಾನ ಹಗುರಾಗುತ್ತದೆ, ಹಗುರಾದಷ್ಟೂ ದೂರ ಹೋಗುತ್ತದೆ. ಆ ಒಂದು ಸಾಲು ಹಾಗೇ ಉಳಿದುಬಿಟ್ಟಿತ್ತು. ಬ್ಯಾಟರಿ ಖಾಲಿಯಾದರೂ ಅದರ ತೂಕ ಕಡಿಮೆಯಾಗುವುದಿಲ್ಲ. ಏರುವಾಗ ಎಷ್ಟೋ ಇಳಿಯುವಾಗಲೂ ಅಷ್ಟೇ. ಆದರೆ ಶೀಟಿನಲ್ಲಿ ವಿಮಾನ ನಿಮಿಷ ನಿಮಿಷಕ್ಕೂ ಹಗುರಾಗುತ್ತಿತ್ತು. ಬಸವಂತಪ್ಪ ಆ ಸಾಲನ್ನು ಸರಿಪಡಿಸಿದ. ಶಾರ್ಲೆಟ್ ತಲುಪಿದ ಮೇಲೆ ಉಳಿಯುತ್ತಿದ್ದ ಮೂವತ್ತು ನಿಮಿಷ ಹದಿನೇಳಕ್ಕೆ ಇಳಿಯಿತು. ಹದಿನೇಳು ನಿಮಿಷದ ವಿಮಾನಕ್ಕೆ ಪ್ರಯಾಣಿಕರನ್ನು ಹತ್ತಿಸಲು ಅನುಮತಿಯೇ ಸಿಗದು.

ಅವನಿಗಾದದ್ದು ಸಂತೋಷ. ಅದಕ್ಕೆ ಬೇರೆ ಹೆಸರಿಲ್ಲ. "ಸೆಲ್ ಅಂಕಿಗಳು ಸರಿ ಇವೆ" ಎಂದು ಒಂದೇ ಸಾಲಿನ ಉತ್ತರ ಕಳಿಸಿದ. ಅದು ಸುಳ್ಳೂ ಆಗಿರಲಿಲ್ಲ.

ಸೋಮವಾರವೆಲ್ಲ ಪ್ರಯೋಗಾಲಯದಲ್ಲಿ ಸೆಲ್‌ಗಳ ಮುಂದೆ ನಿಂತು ಗುರುವಾರವನ್ನೇ ನೆನೆದ. ಬಂಡವಾಳದವರಲ್ಲಿ ಯಾರೋ ಒಬ್ಬರು ಆ ಸಾಲಿನ ಮೇಲೆ ಬೆರಳಿಡುತ್ತಾರೆ. ಯಾವ ಪ್ರಶ್ನೆಗೂ ತಮಾಷೆಯ ಉತ್ತರವಿರುವ ವೇಣುಗೋಪಾಲ ತಡವರಿಸುತ್ತಾನೆ. ನಾಳೆಯೇ ಯಾರೂ ಆ ವಿಮಾನ ಹತ್ತುವುದಿಲ್ಲವಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಮಂಗಳವಾರ ಊಟಕ್ಕೆ ಕೂತಾಗ ಆ ಚಿತ್ರದಲ್ಲೊಂದು ಕೊರತೆ ಕಂಡಿತು. ಬೆರಳಿಟ್ಟವನು ಬೇರೆಯವನು. ತಪ್ಪು ಹಿಡಿದ ಕೀರ್ತಿ ಆ ಬೇರೆಯವನದು. ನನಗೆ ಭಾನುವಾರವೇ ಗೊತ್ತಿತ್ತು ಎಂದು ಆಮೇಲೆ ಹೇಳಿದರೆ ನಂಬುವವರಾರು? ಇದೂ ಕೈತಪ್ಪುತ್ತದೆ.

ಒಳ್ಳೆಯತನದಿಂದ ಫೋನು ಮಾಡಿದೆ ಎಂದು ಅವನು ಯಾವತ್ತೂ ಹೇಳಿಕೊಳ್ಳಲಿಲ್ಲ. ಈ ಕಾರಣವನ್ನೇ ಹೇಳುತ್ತಿದ್ದ.

ಬುಧವಾರ ಬೆಳಿಗ್ಗೆ ಏಳಕ್ಕೆ ಫೋನು ಮಾಡಿದ. "ವೇಣ್ಯಾ, ನಿಮ್ಮ ವಿಮಾನ ಹಾರಿದಂಗೆಲ್ಲಾ ತೂಕ ಇಳಸಾಕತ್ತೈತಲ್ಲೋ."

"ಏನೋ ಬೆಳಿಗ್ಗೆ ಬೆಳಿಗ್ಗೆ?"

"ಶೀಟ್ ತಗಿ. ನಲವತ್ತೊಂದನೇ ಸಾಲು."

ಆ ಕಡೆ ಕೀಲಿಮಣೆಯ ಸದ್ದು. ಆಮೇಲೆ, "ಅಯ್ಯೋ. ಆರು ಜನ ಚೆಕ್ ಮಾಡಿದ್ವಲ್ಲೋ ಇದನ್ನ! ನೀನು ಯಾವಾಗ ನೋಡಿದೆ?"

ನಿನ್ನೆ ಎನ್ನಬಹುದಿತ್ತು. "ಭಾನುವಾರ" ಎಂದ.

"ಭಾನುವಾರಾನಾ? ಸರಿ ಇದೆ ಅಂತ ಬರ್ದಿದ್ದೆ?"

"ಸೆಲ್ ಸರಿ ಅದಾವ ಅಂತ ಬರದಿದ್ದೆ."

"ಮೂರು ದಿನ ಸುಮ್ನಿದ್ಯಾ? ಯಾಕೋ?"

"ಹೊಟ್ಟಿಕಿಚ್ಚು."

"ಬೈಯೋದು ಆಮೇಲೆ ಬೈತೀನಿ. ರಜೆ ಹಾಕಿ ಬಾ" ಎಂದ ವೇಣುಗೋಪಾಲ.

ನಾಲ್ಕೂವರೆ ಗಂಟೆ ಕಾರು ಓಡಿಸಿ ಬಸವಂತಪ್ಪ ರೆಸ್ಟನ್ ತಲುಪಿದ. ಮಧ್ಯಾಹ್ನವೆಲ್ಲ ಇಬ್ಬರೂ ಒಂದೇ ಮೇಜಿಗೆ ಕೂತರು. ಮೂರು ಸೀಟು ಕಿತ್ತು, ಆ ತೂಕಕ್ಕೂ ಬ್ಯಾಟರಿಯನ್ನೇ ತುಂಬಿದಾಗ ಅರ್ಧ ಗಂಟೆ ಮರಳಿ ಸಿಕ್ಕಿತು. ಒಂಬತ್ತು ಸೀಟಿನ ವಿಮಾನ ಆರು ಸೀಟಿನದಾಯಿತು. ಆರು ಜನರನ್ನು ಕೂರಿಸಿಕೊಂಡು ಹೋದರೆ ಪೈಲಟ್ಟಿನ ಸಂಬಳ ಹುಟ್ಟೀತೇ ಎಂದು ಬಂಡವಾಳದವರು ಹಿಂದೆಮುಂದೆ ನೋಡಿದರು; ಒಪ್ಪಲು ಒಂದು ವರ್ಷ ತೆಗೆದುಕೊಂಡರು. ವರದಿಯ ಮೊದಲ ಪುಟದಲ್ಲಿ ಬಸವಂತಪ್ಪನ ಹೆಸರಿತ್ತು, ವೇಣುಗೋಪಾಲನ ಹೆಸರಿನ ಕೆಳಗೆ. ಅದೂ ಅವನನ್ನು ಚುಚ್ಚಿತು.

ಬೈಯುತ್ತೇನೆಂದವನು ಕೊನೆಗೂ ಬೈಯಲಿಲ್ಲ. ಅದೊಂದು ದೊಡ್ಡಸ್ತಿಕೆ ಬೇರೆ ಅವನಿಗೆ ಎಂದು ಬಸವಂತಪ್ಪ ರೇಣುಕಾಳ ಮುಂದೆ ಗೊಣಗುತ್ತಿದ್ದ.

2018ರ ನವೆಂಬರಿನಲ್ಲಿ ಬಸವಂತಪ್ಪನಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಎಂದು ಗೊತ್ತಾಯಿತು. ಫೆಬ್ರವರಿಯಲ್ಲಿ ವೇಣುಗೋಪಾಲ ನೋಡಲು ಬಂದಾಗ ಅವನಿಗೆ ಕೂರಲೂ ಶಕ್ತಿ ಉಳಿದಿರಲಿಲ್ಲ. ವೇಣುಗೋಪಾಲ, ವಿಮಾನದ ಮೋಟಾರನ್ನು ಬ್ಯಾಟರಿಗೆ ಜೋಡಿಸಿ ನೆಲದ ಮೇಲೇ ಕಟ್ಟಿ ಓಡಿಸಿದ ವೀಡಿಯೊವನ್ನು ಫೋನಿನಲ್ಲಿ ಹಾಕಿ ಹಿಡಿದ. ಬಸವಂತಪ್ಪ ಎರಡು ಸಲ ನೋಡಿದ.

"ಯಾವಾಗ ಹಾರ್ತೈತಿ?"

"ಇನ್ನೂ ಮೂರು ವರ್ಷನಾದ್ರೂ ಬೇಕು."

"ನೀ ನೋಡ್ತಿ ಬಿಡು" ಎಂದು ಬಸವಂತಪ್ಪ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಹೊಟ್ಟೆಕಿಚ್ಚನ್ನು ಇಪ್ಪತ್ತೈದು ವರ್ಷ ತಮಾಷೆ ಮಾಡಿದ್ದ ವೇಣುಗೋಪಾಲ ಈ ಸಲ ಫೋನನ್ನು ಜೇಬಿಗಿಳಿಸಲು ಹೋದ.

"ಇಡಬ್ಯಾಡ. ಇನ್ನೊಮ್ಮೆ ಹಾಕು." ಮೂರನೆಯ ಸಲ ನೋಡುತ್ತ ಬಸವಂತಪ್ಪ ಬೆರಳು ಎತ್ತಿದ. "ಹಿಂದಿನ ಸಾಲಿನ ಸೆಲ್‌ಗೆ ಗಾಳಿ ಸಾಲದು. ಮೊದಲು ಅವ ಸಾಯ್ತಾವ. ಬರಕೋ."

ವೇಣುಗೋಪಾಲ ಬರೆದುಕೊಂಡ.

"ಯಾರು ಹೇಳಿದ್ರು ಅಂತ ಬರದಿ?"

ವೇಣುಗೋಪಾಲ ಹೆಸರು ಬರೆದು, ಹಾಳೆ ತಿರುಗಿಸಿ ತೋರಿಸಿದ.