ಮೇಜಿನ ಕೆಳಗೊಂದು ಗುಂಡಿ

ರೌಟರ್ ಮಷಿನು ತಂದದ್ದು ಕೆಲಸ ಹಗುರಾಗಲಿ ಅಂತ. ಈಗ ಆ ಮಾತು ನೆನೆದರೆ ನಗು ಬರುತ್ತದೆ. ಆಗ ನಗುವಷ್ಟು ತ್ರಾಣವೂ ಇರಲಿಲ್ಲ. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಕೊಟ್ಟೂರಿನಲ್ಲಿ ನಾನು, ನನ್ನ ಅಣ್ಣ ಸೇರಿ ಬಡಿಗತನದ ಅಂಗಡಿ ನಡೆಸುತ್ತಿದ್ದೆವು. ಬಾಗಿಲು, ಕಿಟಕಿ, ಮಂಚ, ಬೀರು ಮಾಡಿಸಲು ಹೊಸಹಳ್ಳಿಯವರೂ ಬರುತ್ತಿದ್ದರು, ಅತ್ತ ಇಟ್ಟಿಗಿಯವರೂ ಬರುತ್ತಿದ್ದರು. ಬಾಗಿಲಿನ ಅಂಚಿಗೆ ನಕ್ಷೆ ಹೊಡೆಯುವ ಕೆಲಸ ಅಣ್ಣನದು. ನಕ್ಷೆಯ ಕೀಸುಳಿ, ನಮ್ಮ ಮಾತಿನಲ್ಲಿ ನಕ್ಷೆ ರಂದಾ, ಹಿಡಿದು ಕೂತನೆಂದರೆ ಊಟಕ್ಕೆ ಕರೆದರೂ ಏಳುವ ಆಸಾಮಿಯಲ್ಲ. ಅಂಥವನಿಗೆ ಒಂದು ಬೆಳಿಗ್ಗೆ, ಬಚ್ಚಲ ಕಲ್ಲಿನ ಮೇಲೆ ಹಲ್ಲುಜ್ಜುತ್ತ ಕೂತಿದ್ದಾಗ, ಲಕ್ವಾ ಹೊಡೆಯಿತು. ಎಡಗೈ, ಎಡಗಾಲು ಸೋತುಹೋದವು. ಪುಣ್ಯಕ್ಕೆ ಮಾತು ಉಳಿಯಿತು.

ಕೆಲವು ತಿಂಗಳು ಕಳೆದ ಮೇಲೆ ಕೋಲೂರಿಕೊಂಡು ಅಂಗಡಿಗೆ ಬರುವಷ್ಟು ಚೇತರಿಸಿಕೊಂಡ. ಬಂದು ಮಾಡುವುದೇನು? ರಂದಾ ಎಳೆಯಲು ಎರಡು ಕೈ ಬೇಕು. ಗೋಡೆಗೆ ಒರಗಿ ಗೋಣಿಚೀಲದ ಮೇಲೆ ಕೂತು ನಾನು ಕೆಲಸ ಮಾಡುವುದನ್ನು ನೋಡುತ್ತಿದ್ದ. ಎದುರಿಗೆ ಹಾಗೆ ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದರೆ ದುಡಿಯುವವನ ಕೈಕಾಲು ಇನ್ನಷ್ಟು ಭಾರವಾಗುತ್ತವೆ. ಅವನ ಪಾಲಿನ ಕೆಲಸವೂ ನನ್ನ ತಲೆಗೇ ಬಂದಿತ್ತು. ಆಗಲೇ ದಾವಣಗೆರೆಗೆ ಹೋಗಿ ಈ ಮಷಿನು ತಂದೆ. ಮೋಟಾರಿನ ತುದಿಗೆ ಬಿಟ್ಟು ಅನ್ನುವ ಪುಟ್ಟ ಅಲಗು ಸಿಕ್ಕಿಸಿದರೆ ಅದು ಗರಗರ ತಿರುಗಿ ಕಟ್ಟಿಗೆಯಲ್ಲಿ ನಕ್ಷೆ ಕೊರೆಯುತ್ತದೆ. ಅದನ್ನು ಹಿಡಿಯಲಿಕ್ಕೂ ಎರಡು ಕೈ ಬೇಕು ಅನ್ನುವುದು ಮನೆಗೆ ತಂದ ಮೇಲೆ ತಿಳಿಯಿತು. ಅಣ್ಣ ಒಂದೇ ಕೈಯಲ್ಲಿ ಹಿಡಿದು ನೋಡಿದ. ಅದು ಕುಣಿದಾಡಿ ಹಲಗೆಯನ್ನೆಲ್ಲ ಕೆಡಿಸಿಬಿಟ್ಟಿತು.

ದಾವಣಗೆರೆಯ ಅಂಗಡಿಯಲ್ಲಿ ಅದನ್ನು ಬೇರೆ ರೀತಿಯಲ್ಲಿ ಬಳಸುವುದನ್ನೂ ನೋಡಿ ಬಂದಿದ್ದೆ. ಮೇಜಿನ ಹಲಗೆಗೆ ತೂತು ಕೊರೆದು, ಮಷಿನನ್ನು ತಲೆಕೆಳಗು ಮಾಡಿ ಅಡಿಗೆ ಬಿಗಿಯುವುದು. ಬಿಟ್ಟಿನ ತುದಿ ಮಾತ್ರ ಮೇಲೆ ಕಾಣುತ್ತದೆ. ಮಷಿನು ಇದ್ದಲ್ಲೇ ಇರುತ್ತದೆ, ಕಟ್ಟಿಗೆಯನ್ನು ದೂಡಿದರೆ ಸಾಕು. ಹೇಳಿದೊಡನೆ ಅಣ್ಣ ನೆಟ್ಟಗೆ ಕೂತ. "ದೂಡಾಕ ಒಂದ ಕೈ ಸಾಕಲ್ಲೋ!" ಅಂದ. ಅವನ ಮುಖ ಅಷ್ಟು ಅರಳಿದ್ದನ್ನು ನೋಡಿ ಬಹಳ ದಿನವಾಗಿತ್ತು.

ಮೇಜು ಮಾಡಿದೆವು. ಅಲ್ಲಿಯೇ ಎಡವಟ್ಟಾಯಿತು ನೋಡಿ. ನಾವು ನೆಲದ ಮೇಲೆ ಕೂತು, ಹಲಗೆಯನ್ನು ಕಾಲಲ್ಲಿ ಒತ್ತಿ ಹಿಡಿದು ಕೆಲಸ ಮಾಡುವ ಜನ. ನಿಂತು ಬಡಿಗತನ ಮಾಡುವುದು ನಮ್ಮ ಕನಸಿನಲ್ಲೂ ಇಲ್ಲ. ಹಾಗಾಗಿ ಕೂತವನ ಹೊಟ್ಟೆಯ ಮಟ್ಟಕ್ಕೆ ಸರಿಯಾಗಿ ಮೇಜು ಮಾಡಿ, ಸೈ ಅಂದುಕೊಂಡೆವು. ಮಷಿನನ್ನು ಕೆಳಗೆ ತೂಗುಹಾಕಿದಾಗ ಅದರ ಬೆನ್ನು ನೆಲಕ್ಕೆ ತಾಗುವಂತಿತ್ತು. ಆಗಲೂ ಇಬ್ಬರಿಗೂ ಏನೂ ಹೊಳೆಯಲಿಲ್ಲ.

ಕೆಲಸವೇನೋ ಚೆನ್ನಾಗಿಯೇ ಸಾಗಿತು. ಹಲಗೆ ಆಚೀಚೆ ಸರಿಯದಂತೆ ಒತ್ತಿ ಹಿಡಿಯಲು ಬಿದಿರಿನ ದಬ್ಬೆಯೊಂದನ್ನು ಬಿಗಿದೆ. ಅಣ್ಣ ಬಲಗೈಯಿಂದ ದೂಡುತ್ತಿದ್ದ. ಆದರೆ ಒಂದು ಬಾಗಿಲಿಗೆ ಒಂದೇ ಬಿಟ್ಟು ಸಾಲುವುದಿಲ್ಲವಲ್ಲ? ಅಂಚು ಗುಂಡಗೆ ಮಾಡಲು ಒಂದು, ಹಲಗೆ ಕೂರುವ ಸಂದು ತೋಡಲು ಒಂದು, ನಕ್ಷೆಗೆ ಮತ್ತೊಂದು. ಬದಲಿಸಬೇಕೆಂದರೆ ಮೇಜಿನ ಕೆಳಗೆ ಕೈ ತೂರಿಸಿ, ಒಂದು ಪಾನಾದಿಂದ ಮೋಟಾರಿನ ದಂಡ ತಿರುಗದಂತೆ ಹಿಡಿದು, ಇನ್ನೊಂದು ಪಾನಾದಿಂದ ನಟ್ಟು ಸಡಿಲಿಸಬೇಕು. ಅಣ್ಣನಿಗೆ ಬಗ್ಗಲಾಗದು, ಇರುವುದೂ ಒಂದೇ ಕೈ. "ತಮ್ಮಾ, ಒಂಚೂರು ಬರ್ತೀಯೇನಪ್ಪಾ?" ಅನ್ನುತ್ತಿದ್ದ. ಕೈಯಲ್ಲಿದ್ದ ಕೆಲಸ ಬಿಟ್ಟು ಹೋಗುತ್ತಿದ್ದೆ. ನೆಲಕ್ಕೆ ಕೆನ್ನೆ ಹಚ್ಚಿ ಮಲಗುತ್ತಿದ್ದೆ. ಕಟ್ಟಿಗೆಯ ಹೊಟ್ಟು ಕಣ್ಣಿಗೂ ಮೂಗಿಗೂ ತುಂಬಿಕೊಳ್ಳುತ್ತಿತ್ತು. ಎದ್ದು ಬಂದು ನನ್ನ ಚೌಕಟ್ಟಿಗೆ ಉಳಿ ಇಡುವಷ್ಟರಲ್ಲಿ ಮತ್ತೆ, "ತಮ್ಮಾ..." ರಾತ್ರಿ ಮನೆಗೆ ಹೋದರೆ ಹೆಂಡತಿ ಏನು ಕೇಳಿದರೂ ಹೂಂ ಅಂದುಬಿಡುತ್ತಿದ್ದೆ. ಮಾತಾಡಲಿಕ್ಕೂ ಬೇಸರ.

ಒಂದು ಮಧ್ಯಾಹ್ನ ಅವನು ಕರೆದಾಗ ನಾನು ಉಳಿ ಕೆಳಗಿಟ್ಟೆ. ಉಸ್ಸೆಂದು ಉಸಿರುಬಿಟ್ಟೆ, ಅಷ್ಟೇ. ಅಣ್ಣನಿಗೆ ಅದೂ ಕೇಳಿಸಿತು.

"ಬ್ಯಾಡ ಬಿಡಪಾ," ಅಂದ. "ಬಿಟ್ಟು ಬದಲಿ ಮಾಡಾಕ ಇನ್ನೊಬ್ಬರ್ನ ಕರೀಬೇಕಂದ್ರ ನಾ ಬಡಿಗ್ಯಾ ಹ್ಯಾಂಗ ಆಗ್ತೀನಿ? ನನ್ನ ಸಮಾಧಾನಕ್ಕ ನೀ ಆಟದ ಸಾಮಾನು ಕೊಟ್ಟು ಕುಂದ್ರಿಸಿದಂಗ ಐತಿ. ನಾಳಿಂದ ಮನ್ಯಾಗ ಇರ್ತೀನಿ."

ಮನೆಯಲ್ಲಿದ್ದರೆ ಅವನು ಬಾಳುವವನಲ್ಲ. ನನಗದು ಗೊತ್ತಿತ್ತು, ಅತ್ತಿಗೆಗೂ ಗೊತ್ತಿತ್ತು. ಸುಸ್ತಾಗಿ ಬಿದ್ದುಕೊಳ್ಳಬೇಕು ಅನ್ನಿಸುತ್ತಿದ್ದರೂ ಪಕ್ಕದ ಗ್ಯಾರೇಜಿನ ಭಾಯಿಯನ್ನು ಕರೆತಂದೆ. ಲಾರಿ ರಿಪೇರಿ ಮಾಡುವ ಮನುಷ್ಯ. ಮೇಜು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ರಿ ಅಣ್ಣಾರ, ಮೇಜು ಮಾಡೀರೋ, ಊಟಕ್ಕ ಮಣಿ ಮಾಡೀರೋ? ಉದ್ದನ್ನ ಕಾಲು ಹಚ್ರಿ, ನಿಂತು ಹೊಡೀರಿ," ಅಂದ. ಅಣ್ಣನಿಗೆ ನಿಲ್ಲುವ ಶಕ್ತಿ ಎಲ್ಲಿತ್ತು? ಸ್ಟೂಲಿನ ಮೇಲೆ ಕೂರಿಸಿ ನೋಡಿದೆವು. ಎಡಕ್ಕೆ ವಾಲಿಬಿಟ್ಟ, ಭಾಯಿ ತಬ್ಬಿ ಹಿಡಿಯದಿದ್ದರೆ ಬಿದ್ದೇ ಹೋಗುತ್ತಿದ್ದ. ಭಾಯಿಯ ನಗು ನಿಂತಿತು. ಮೇಜಿನ ಅಡಿ ಬಗ್ಗಿ ನೋಡಿ, "ಮೇಜು ಮ್ಯಾಲ ಏರಾಂಗಿಲ್ಲಂದ್ರ ನೆಲ ಕೆಳಗಿಳೀಲಿ. ಲಾರಿ ಅಡ್ಯಾಗ ಕೆಲಸ ಮಾಡಾಕ ನಾವು ಗುಂಡಿ ತೋಡ್ಕೊಂಡಿಲ್ಲೇನು? ತೋಡ್ರಿ. ಅಣ್ಣಾರು ದಂಡಿಗಿ ಕುಂತು ಕಾಲು ಇಳಿಬಿಡ್ಲಿ," ಅಂದ.

ಮರುದಿನವೇ ಗುದ್ದಲಿ ಹಿಡಿದೆ. ಅಂಗಡಿಯ ನೆಲ ಮಣ್ಣಿನದೇ. ಅಣ್ಣನನ್ನು ಅಳತೆಗೆಂದು ಕರೆಸಿ ಪಕ್ಕದಲ್ಲಿ ಕೂರಿಸಿಕೊಂಡಿದ್ದೆ. ತೋಡುವುದು ಮುಗಿಯುತ್ತ ಬಂದಿತ್ತು, ಅತ್ತಿಗೆ ಬುತ್ತಿ ತಂದಳು. ಗುಂಡಿ ನೋಡಿದಳು, ಅದರ ಪಕ್ಕ ಕೂತ ಗಂಡನನ್ನು ನೋಡಿದಳು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಗುಂಡಿಯೊಳಗೆ ಕೂರಿಸಿಯೇ ಮಣ್ಣು ಮಾಡುತ್ತಾರೆ. ಇಷ್ಟು ದೊಡ್ಡ ಕತ್ತೆಯಾಗಿದ್ದ ನನಗೆ ಅದು ಯಾಕೆ ನೆನಪಾಗಲಿಲ್ಲವೋ ಕಾಣೆ.

"ಅಯ್ಯೋ ಶಿವನೇ! ನಿನ್ನ ಬುದ್ಧಿಗಿ ಏನ ಬಡೀತೋ?" ಅಂತ ಬುತ್ತಿಯನ್ನು ನೆಲಕ್ಕೆ ಕುಕ್ಕಿದಳು. "ಜೀವ ಇದ್ದ ಮನಷ್ಯಾನ್ನ ಯಾರರ ಗುಂಡ್ಯಾಗ ಕುಂದ್ರಸ್ತಾರೇನು? ಅದೂ ಒಡಹುಟ್ಟಿದಾಂವ!"

ಅಲ್ಲೇ ಕೂತು ಅತ್ತಳು. ಅಣ್ಣನ ಮುಖ ಬಾಡಿಹೋಯಿತು. ನಾನು ಗುದ್ದಲಿ ಮೂಲೆಗೆಸೆದು, ಗುಂಡಿಯ ಮೇಲೆ ಹಲಗೆ ಮುಚ್ಚಿದೆ. ಅಣ್ಣ ಅಂಗಡಿಗೆ ಬರುವುದು ನಿಂತಿತು. ಒಬ್ಬನೇ ದುಡಿದೆ. ಆ ಹಲಗೆ ದಾಟುವಾಗೆಲ್ಲ ನನ್ನ ಮೇಲೆ ನನಗೇ ಸಿಟ್ಟು ಬರುತ್ತಿತ್ತು. ನಡುವೆ ಮನೆಗೆ ಹೋಗಿ ನೋಡಿದರೆ ಅಣ್ಣ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ಊಟ ಕಮ್ಮಿಯಾಗಿದೆ ಅಂತ ಅತ್ತಿಗೆ ಪಿಸುಗುಟ್ಟಿದಳು.

ಆಮೇಲೊಂದು ಬೆಳಿಗ್ಗೆ ನಾನು ಬಾಗಿಲು ತೆಗೆಯುತ್ತಿರುವಾಗ ಕೋಲಿನ ಸದ್ದು ಕೇಳಿಸಿತು. ಅಣ್ಣ ಒಬ್ಬನೇ ಬಂದಿದ್ದ, ಬೆವರು ಸುರಿಯುತ್ತಿತ್ತು. ಕೋಲಿನಿಂದ ಹಲಗೆ ಸರಿಸಿ, ಗುಂಡಿಯ ದಂಡೆಗೆ ಕೂತು, ಎಡಗಾಲನ್ನು ಬಲಗೈಯಿಂದ ಎತ್ತಿ ಒಳಗೆ ಇಳಿಬಿಟ್ಟ.

"ಹ್ಯಾಂಗೂ ಒಂದಿನ ಕುಂದ್ರಸೋರದೀರಿ," ಅಂದ. "ಆವಾಗ ನನಗ ಕೆಲಸ ಇರಾಂಗಿಲ್ಲ. ಈಗ ಐತಿ. ಪಾದ ನೆಲಕ್ಕ ಊರವಲ್ದು ನೋಡು, ಇತ್ತಾಗ ಒಂಚೂರು ಮಣ್ಣು ಹಾಕಿ ಬಡಿ."

ಗುಂಡಿಗಿಳಿದು ಮಣ್ಣು ಹಾಕಿದೆ. ಬಡಿದೆ. ಮಧ್ಯಾಹ್ನ ಅತ್ತಿಗೆ ಬಂದಳು. ಗುಂಡಿಯ ಕಡೆ ಕಣ್ಣು ಹಾಯಿಸದೆ ಬುತ್ತಿಯನ್ನು ಅವನ ಕೈಗೆ ಕೊಟ್ಟು ಹೋದಳು. ಬೈಯಲಿಲ್ಲ, ಅದೇ ಹೆಚ್ಚು.

ಗುಂಡಿಯ ಮೇಲೆ ಮೇಜು ಬಂದು ಕೂತಿತು. ಈಗ ಕೆಳಗೆ ಕೈಯಾಡಿಸಲು ಬೇಕಾದಷ್ಟು ಜಾಗವಿತ್ತು. ಆದರೆ ಎರಡು ಪಾನಾ ಹಿಡಿಯುವ ಸಮಸ್ಯೆ ಹಾಗೇ ಇತ್ತಲ್ಲ? ಭಾಯಿ ಒಂದು ಪಾನಾದ ಬಾಲಕ್ಕೆ ಕೀಲು ವೆಲ್ಡ್ ಮಾಡಿ, ಮೇಜಿನ ಅಡಿಗೆ ಬಿಗಿದುಕೊಟ್ಟ. ಒಳಗೆ ತಿರುಗಿಸಿದರೆ ಅದು ಹೋಗಿ ದಂಡವನ್ನು ಕಚ್ಚಿಕೊಂಡು ನಿಲ್ಲುತ್ತಿತ್ತು. ಇನ್ನೊಂದು ಪಾನಾವನ್ನು ಅಣ್ಣ ಬಲಗೈಯಲ್ಲಿ ತಿರುಗಿಸಿದರೆ ಆಯಿತು. ಬಿಟ್ಟು ಕೂರುವ ತೂತಿನ ತಳಕ್ಕೆ ಸೈಕಲ್ಲಿನ ವಾಲ್‌ಟ್ಯೂಬಿನ ಚೂರೊಂದನ್ನು ಅಣ್ಣನೇ ಹಾಕಿಸಿದ. ನಟ್ಟು ಸಡಿಲವಾದೊಡನೆ ಆ ರಬ್ಬರು ಬಿಟ್ಟನ್ನು ತುಸು ಮೇಲಕ್ಕೆ ನೂಕುತ್ತಿತ್ತು. ಮೇಲಿನಿಂದ ಎರಡು ಬೆರಳಲ್ಲಿ ಎತ್ತಿಕೊಳ್ಳಬಹುದಿತ್ತು. ಕರೆಂಟಿನ ಭಯಕ್ಕೆ ಮೊದಲು ಪ್ಲಗ್ ಕಿತ್ತು, ಕಣ್ಣೆದುರಿಗೆ ಮೇಜಿನ ಮೇಲೆ ಇಟ್ಟುಕೊಳ್ಳುತ್ತಿದ್ದ.

ಮೊದಲ ದಿನ ನಾನು ಆ ಮೂಲೆಯಲ್ಲಿ ಕಿಟಕಿಯ ಚೌಕಟ್ಟು ಕೂಡಿಸುತ್ತಿದ್ದೆ. ಮಷಿನು ನಿಂತಿತು. ಇನ್ನೇನು ಕರೆಯುತ್ತಾನೆ ಅಂತ ಉಳಿ ಕೆಳಗಿಟ್ಟೆ. ಕರೆಯಲಿಲ್ಲ. ಕಬ್ಬಿಣ ತಾಗುವ ಸದ್ದು, ಅವನ ಏದುಸಿರು. ಓಡಿಹೋಗಿ ಮಾಡಿಕೊಡಬೇಕು ಅನ್ನಿಸಿತು. ಹಲ್ಲು ಕಚ್ಚಿ ಕೂತೆ. ಬಹಳ ಹೊತ್ತು ಹಿಡಿಯಿತು. ಆಮೇಲೆ ಮಷಿನು ಮತ್ತೆ ಶುರುವಾಯಿತು. ಈ ಸಲದ ಸದ್ದೇ ಬೇರೆ, ದಪ್ಪ ಸದ್ದು. ನಕ್ಷೆಯ ಬಿಟ್ಟು ಹಾಕಿದ್ದ.

ಅಷ್ಟರಲ್ಲೇ ಮತ್ತೆ ನಿಂತಿತು.

"ಲೇ! ಬಾರಲೇ ಇಲ್ಲಿ!"

ಏನಾಯಿತೋ ಅಂತ ಎದ್ದುಬಿದ್ದು ಓಡಿದೆ. ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು, ಮೈಯೆಲ್ಲ ಹೊಟ್ಟು ಮಾಡಿಕೊಂಡು, ನಾನು ರಂದಾ ಹೊಡೆದುಕೊಟ್ಟ ಹಲಗೆಯನ್ನು ಎತ್ತಿ ತೋರಿಸಿದ.

"ಇದೇನ್ ರಂದಾ ಹೊಡದೀಯೋ, ಕುಡಗೋಲ್ಲೆ ಕೆತ್ತೀಯೋ? ಕಣ್ಣು ಎಲ್ಲಿಟ್ಟಿದ್ದಿ? ಇಂಥಾದ್ರ ಮ್ಯಾಲ ನಾ ನಕ್ಷಿ ಹೊಡೀಬೇಕಂತ! ಒಯ್ಯಿ ಅತ್ಲಾಗ, ಮತ್ತ ಹೊಡ್ಕಂಡ್ ಬಾ!"

ಲಕ್ವಾ ಹೊಡೆದಂದಿನಿಂದ ಅವನು ನನ್ನ ಒಂದು ಕೆಲಸದಲ್ಲೂ ತಪ್ಪು ಹುಡುಕಿರಲಿಲ್ಲ. ಒಂದೊಂದು ಬಿಟ್ಟಿಗೂ ನನ್ನ ದಾರಿ ಕಾಯುವವನು ಬೈಯುವುದಾದರೂ ಹೇಗೆ? ಹಲಗೆ ಇಸಕೊಂಡು ಬಂದೆ. ಸೊಂಟ ನೋಯುತ್ತಿತ್ತು, ಚೌಕಟ್ಟು ಅರ್ಧಕ್ಕೇ ನಿಂತಿತ್ತು. ಮತ್ತೆ ರಂದಾ ಹೊಡೆದೆ. ಕಣ್ಣು ತುಂಬಿಕೊಂಡು ಅಂಚು ಕಾಣದೆ ಇನ್ನಷ್ಟು ಕೆಡಿಸಿದೆ, ಅದಕ್ಕೂ ಬೈಸಿಕೊಂಡೆ.